ಶಿಲುಬೆಯಲ್ಲಿ ನಮ್ಮ ಕಾಯಿಲೆಗೂ ಪಾಲಿದೆಯೇ?

ರೋಗಸೌಖ್ಯ ಕೂಟಗಳಿಗೆ ಹೋಗಿ ಬಂದವರಿಗೆಲ್ಲ ಈ ವಚನ ಬಾಯಿಪಾಠ: ‘ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು.’ ಬೈಬಲ್ಲಿನ ಹಳೆಯ ಒಡಂಬಡಿಕೆಯ ಯೆಶಾಯನ ಪುಸ್ತಕ, 53ನೇ ಅಧ್ಯಾಯ, 5ನೇ ವಚನ. ‘ಅವನು’ ಅಂದರೆ ಯೇಸು ಎಂದೇ ಕ್ರೈಸ್ತರು ಓದುವುದು. ವೇದಿಕೆಯ ಹಿಂದಿನ ಫ್ಲೆಕ್ಸ್ ಮೇಲೆ ಇದೇ ಇರುತ್ತದೆ. ವಾರ್ಡಿಗೆ ಬಂದು ಪ್ರಾರ್ಥನೆ ಮಾಡಿ ಹೋಗುವವರು ದಿಂಬಿನ ಪಕ್ಕ ಇಟ್ಟು ಹೋಗುವ ಕರಪತ್ರದಲ್ಲೂ ಇದೇ. ಕ್ರೈಸ್ತರ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಈ ಮಾತಿನ ಮೇಲೆ ಪ್ರೀತಿಯಿದೆ, ಅದರ ಮೇಲೆ ಕಟ್ಟಿರುವ ಕೆಲವು ಬೋಧನೆಗಳ ಮೇಲೆ ಸಿಟ್ಟೂ ಇದೆ. ಎರಡನ್ನೂ ಬಿಡಿಸಿ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಬೋಧನೆಯ ಸರಣಿ ಹೀಗೆ ಹೋಗುತ್ತದೆ. ಆದಾಮನ ಪಾಪದಿಂದ ಲೋಕಕ್ಕೆ ಮರಣ ಬಂತು, ಮರಣದ ಬೆನ್ನಿಗೇ ರೋಗವೂ ಬಂತು. ಶಿಲುಬೆಯ ಮೇಲೆ ಯೇಸು ನಮ್ಮ ಪಾಪವನ್ನು ಹೊತ್ತ, ಪಾಪದ ಜೊತೆ ರೋಗವನ್ನೂ ಹೊತ್ತ. ಹಾಗಾದ ಮೇಲೆ, ನಂಬಿ ಕೇಳಿದ ಕೂಡಲೇ ಕ್ಷಮೆ ಹೇಗೆ ಸಿಗುತ್ತದೋ ಸ್ವಸ್ಥತೆಯೂ ಹಾಗೇ ಸಿಗಬೇಕು. ಸಿಗಲಿಲ್ಲವೆಂದರೆ ಕೊಡುವವನಲ್ಲಿ ಕೊರತೆ ಇರಲು ಸಾಧ್ಯವಿಲ್ಲ, ಪಡೆಯುವವನಲ್ಲೇ ಇರಬೇಕು. ಮೊದಲ ಎರಡು ಮೆಟ್ಟಿಲನ್ನು ನಾನೂ ಹತ್ತುತ್ತೇನೆ. ಮೂರನೆಯದರಲ್ಲಿ ನಿಂತುಬಿಡುತ್ತೇನೆ. ನಾಲ್ಕನೆಯದನ್ನು ಸುವಾರ್ತೆಯ ಹೆಸರಿನಲ್ಲಿ ಯಾರೂ ಹೇಳಬಾರದು.

ಮೊದಲೇ ಒಂದು ಮಾತು ಒಪ್ಪಿಬಿಡಬೇಕು. ‘ಅದೆಲ್ಲ ಆತ್ಮಕ್ಕೆ ಸಂಬಂಧಪಟ್ಟಿದ್ದು, ಶರೀರಕ್ಕಲ್ಲ’ ಎಂದು ನಮ್ಮ ಹಳೆಯ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಕೆಲವರು ಸುಲಭವಾಗಿ ತಳ್ಳಿಹಾಕುತ್ತಾರಲ್ಲ, ಅದು ಬೈಬಲ್ಲಿನ ಮುಂದೆ ನಿಲ್ಲುವುದಿಲ್ಲ. ಮತ್ತಾಯನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ಯೇಸು ಕಪೆರ್ನೌಮಿನಲ್ಲಿ ಶಿಷ್ಯ ಪೇತ್ರನ ಮನೆಗೆ ಬರುತ್ತಾನೆ. ಪೇತ್ರನ ಅತ್ತೆ ಜ್ವರದಲ್ಲಿ ಮಲಗಿದ್ದಾಳೆ. ಯೇಸು ಕೈ ಮುಟ್ಟುತ್ತಾನೆ, ಜ್ವರ ಬಿಡುತ್ತದೆ, ಆಕೆ ಎದ್ದು ಉಪಚಾರಕ್ಕೆ ನಿಲ್ಲುತ್ತಾಳೆ. ಸಂಜೆಯಾಗುತ್ತಲೂ ಊರಿನ ರೋಗಿಗಳನ್ನೆಲ್ಲ ಬಾಗಿಲಿಗೆ ತರುತ್ತಾರೆ, ಎಲ್ಲರಿಗೂ ಗುಣವಾಗುತ್ತದೆ. ಇದನ್ನು ಬರೆದ ಮತ್ತಾಯ ಅಲ್ಲೇ ಯೆಶಾಯನ ಅದೇ ಅಧ್ಯಾಯವನ್ನು ಎತ್ತಿ, ನಮ್ಮ ಬೇನೆಗಳನ್ನು ತೆಗೆದುಕೊಂಡು ರೋಗಗಳನ್ನು ಹೊತ್ತವನು ಇವನೇ ಎನ್ನುತ್ತಾನೆ. ಜ್ವರ, ಕೈ, ಮುಟ್ಟುವುದು, ಏಳುವುದು. ಇದರಲ್ಲಿ ಶರೀರ ಬಿಟ್ಟು ಬೇರೇನಿದೆ?

ಇನ್ನೊಂದು ಕಡೆ ಪೇತ್ರನೇ ತನ್ನ ಮೊದಲ ಪತ್ರದ 2ನೇ ಅಧ್ಯಾಯದಲ್ಲಿ ಅದೇ ಬಾಸುಂಡೆಯ ವಚನವನ್ನು ತರುತ್ತಾನೆ. ಅಲ್ಲಿ ಅವನು ಮಾತಾಡುತ್ತಿರುವುದು ಪಾಪದ ಬಗ್ಗೆ, ದಾರಿತಪ್ಪಿದ ಕುರಿಗಳು ಕುರುಬನ ಬಳಿಗೆ ತಿರುಗಿ ಬಂದದ್ದರ ಬಗ್ಗೆ. ಯಾರ ಅತ್ತೆಯ ಜ್ವರವನ್ನು ಯೇಸು ಬಿಡಿಸಿದ್ದನೋ ಅದೇ ಪೇತ್ರ! ಅವನಿಗೆ ರೋಗಸೌಖ್ಯದ ನೆನಪಿರಲಿಲ್ಲ ಅನ್ನಲಾಗುವುದಿಲ್ಲ. ಆದರೂ ಒಡೆಯರಿಂದ ಹೊಡೆತ ತಿನ್ನುತ್ತಿದ್ದ ಆಳುಗಳಿಗೆ ಬರೆಯುವಾಗ, ‘ನಂಬಿದರೆ ನಿಮ್ಮ ಬೆನ್ನಿನ ಗಾಯ ಇವತ್ತೇ ಮಾಯುತ್ತದೆ’ ಎಂದು ಅವನು ಬರೆಯಲಿಲ್ಲ.

ಹೀಗೆ ಒಂದೇ ಅಧ್ಯಾಯದ ಮಾತನ್ನು ಒಬ್ಬ ಶರೀರಕ್ಕೂ ಇನ್ನೊಬ್ಬ ಪಾಪಕ್ಕೂ ಅನ್ವಯಿಸಿದ್ದಾರೆ. ಶಿಲುಬೆ ಎರಡನ್ನೂ ಒಳಗೊಂಡಿದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಪ್ರಶ್ನೆ ಇರುವುದು ಎರಡೂ ಒಂದೇ ಸಮಯಕ್ಕೆ, ಒಂದೇ ರೀತಿಯಲ್ಲಿ ಕೈಗೆ ಬರುತ್ತವೆಯೇ ಎಂಬುದರಲ್ಲಿ.

ಶಿಲುಬೆಯ ಮೇಲೆ ನಿಜವಾಗಿ ಏನಾಯಿತು ಎಂಬುದನ್ನು ಸಭೆ ಎರಡು ಸಾವಿರ ವರ್ಷಗಳಿಂದ ಬೇರೆ ಬೇರೆ ರೀತಿಯಲ್ಲಿ ಹೇಳಿಕೊಂಡು ಬಂದಿದೆ. ಸೈತಾನನ ಸೆರೆಯಿಂದ ಬಿಡಿಸಲು ಕೊಟ್ಟ ಈಡು ಅಂದವರಿದ್ದಾರೆ. ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ 1098ರ ಹೊತ್ತಿಗೆ ಬರೆದು ಮುಗಿಸಿದ ಗ್ರಂಥದಲ್ಲಿ, ಮನುಷ್ಯನ ಪಾಪದಿಂದ ದೇವರ ಮಹಿಮೆಗೆ ಸಲ್ಲದೆ ಹೋದದ್ದನ್ನು ದೇವಮಾನವನೇ ಸಲ್ಲಿಸಬೇಕಾಯಿತು ಎಂದು ವಾದಿಸಿದ. ಹದಿನಾರನೇ ಶತಮಾನದಲ್ಲಿ ಕಥೋಲಿಕ ಸಭೆಯಿಂದ ಬೇರೆಯಾದ ಸುಧಾರಣೆಯ ಕಾಲದವರು, ಅದರಲ್ಲೂ ಕ್ಯಾಲ್ವಿನ್, ನಮಗೆ ಬರಬೇಕಿದ್ದ ದಂಡನೆಯನ್ನು ಅವನು ನಮ್ಮ ಬದಲಿಗೆ ಅನುಭವಿಸಿದ ಎಂಬುದಕ್ಕೆ ಒತ್ತು ಕೊಟ್ಟರು. ನಮ್ಮ ಕನ್ನಡ ಸಭೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಈ ಕೊನೆಯದೇ. ನ್ಯಾಯಾಲಯದ ಭಾಷೆ ಇದು: ತೀರ್ಪು, ದಂಡ, ಬಿಡುಗಡೆ. ತಪ್ಪೇನಲ್ಲ, ಯೆಶಾಯನಲ್ಲೇ ‘ದಂಡನೆ’ ಇದೆ. ಆದರೆ ಇದೊಂದನ್ನೇ ಹಿಡಿದರೆ ಶರೀರಕ್ಕೆ ಎಲ್ಲಿ ಜಾಗ ಎಂದು ತಿಳಿಯುವುದಿಲ್ಲ.

ಪೂರ್ವದ ಸಭೆಗಳವರು ಬೇರೆ ಕಡೆಯಿಂದ ಬಂದರು. ನಾಲ್ಕನೇ ಶತಮಾನದ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್‌ಗೆ ಮನುಷ್ಯನ ಸಂಕಟವೆಂದರೆ ಅಪರಾಧ ಮಾತ್ರವಲ್ಲ, ಕೊಳೆತು ಹೋಗುವುದು, ಮಣ್ಣಿಗೆ ಸೇರಿ ಇಲ್ಲವಾಗುವುದು. ಜೀವವೇ ಆದವನು ಸಾಯುವ ಶರೀರವನ್ನು ತೊಟ್ಟು, ಸಾವಿನೊಳಗೆ ಇಳಿದು, ಅದನ್ನು ಒಳಗಿನಿಂದ ಮುರಿದ. ರಕ್ಷಣೆ ಅಂದರೆ ವಾಸಿಯಾಗುವುದು, ಇಡೀ ಮನುಷ್ಯ ವಾಸಿಯಾಗುವುದು. ಅವನಿಗಿಂತ ಇನ್ನೂರು ವರ್ಷಕ್ಕೂ ಹಿಂದೆ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ಕೈದಿಯಾಗಿ ರೋಮಿಗೆ ಹೋಗುವ ದಾರಿಯಲ್ಲಿ ಬರೆದ ಪತ್ರದಲ್ಲಿ ಕರ್ತನ ರೊಟ್ಟಿಯನ್ನು ಅಮರತ್ವದ ಔಷಧಿ ಎಂದಿದ್ದ. ಇದನ್ನು ಓದಿದಾಗಿನಿಂದ ಕರ್ತನ ಭೋಜನಕ್ಕೆ, ಅಂದರೆ ಆರಾಧನೆಯಲ್ಲಿ ಆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಪಡೆಯಲು, ಮೊಣಕಾಲೂರುವಾಗ ನನ್ನ ಮನಸ್ಸಿಗೆ ಬರುವುದು ಈ ಮಾತೇ.

ಈಗ ಮಾರ್ಕನ 2ನೇ ಅಧ್ಯಾಯ. ಈ ವಿಷಯಕ್ಕೆ ಇಡೀ ಬೈಬಲ್ಲಿನಲ್ಲಿ ಇದಕ್ಕಿಂತ ಹತ್ತಿರದ ಕಥೆಯಿಲ್ಲ. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಜನ ಕಿಕ್ಕಿರಿದು ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಮಾಳಿಗೆ ಹತ್ತುತ್ತಾರೆ, ಯೇಸು ಕೂತಿದ್ದ ನೇರಕ್ಕೆ ಚಾವಣಿ ಕಿತ್ತು ಹಾಸಿಗೆಯನ್ನು ಇಳಿಬಿಡುತ್ತಾರೆ. ಕೆಳಗೆ ಕೂತಿದ್ದವರ ತಲೆಯ ಮೇಲೆ ಮಣ್ಣು ಉದುರಿರಬೇಕು, ಮನೆಯವರು ಕೂಗಾಡಿರಬೇಕು. ಯೇಸುವಾದರೋ ‘ಮಗನೇ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ’ ಅನ್ನುತ್ತಾನೆ. ಶಾಸ್ತ್ರಿಗಳು ಒಳಗೊಳಗೇ ಕುದಿಯುತ್ತಾರೆ. ಪಾಪ ಕ್ಷಮಿಸುವ ಅಧಿಕಾರ ತನಗಿದೆ ಎಂಬುದು ಅವರಿಗೆ ತಿಳಿಯಲಿ ಎಂದು ಯೇಸು ಆಮೇಲೆ ‘ಎದ್ದು ನಿನ್ನ ಹಾಸಿಗೆ ಎತ್ತಿಕೊಂಡು ಮನೆಗೆ ಹೋಗು’ ಅನ್ನುತ್ತಾನೆ.

ಇಲ್ಲಿ ಎರಡು ಸಂಗತಿ ನೋಡಬೇಕು. ಕ್ಷಮೆ ಮೊದಲು ಬಂತು. ಆ ಗಳಿಗೆಯಲ್ಲಿ ಅವನು ಇನ್ನೂ ಹಾಸಿಗೆಯಲ್ಲೇ ಇದ್ದ, ಕಾಲು ಅಲ್ಲಾಡುತ್ತಿರಲಿಲ್ಲ, ಆದರೂ ಕ್ಷಮೆ ಪೂರ್ತಿಯಾಗಿತ್ತು. ಎದ್ದು ನಡೆದ ಮೇಲೆ ಅದಕ್ಕೆ ಇನ್ನೇನೂ ಸೇರಲಿಲ್ಲ. ಎರಡನೆಯದು, ಮಾರ್ಕ ಬರೆಯುವುದು ಯೇಸು ‘ಅವರ ನಂಬಿಕೆಯನ್ನು ನೋಡಿ’ ಮಾತಾಡಿದ ಎಂದು. ಹೊತ್ತು ತಂದವರನ್ನು ಸೇರಿಸಿಯೇ ‘ಅವರ’ ಎಂದದ್ದು. ಮಲಗಿದ್ದವನು ಇಡೀ ಕಥೆಯಲ್ಲಿ ಬಾಯಿ ಬಿಡುವುದಿಲ್ಲ. ಅವನ ನಂಬಿಕೆ ಎಷ್ಟಿತ್ತೆಂದು ಅಳೆಯುವ ಗೋಜಿಗೆ ಯಾರೂ ಹೋಗಲಿಲ್ಲ.

ಹನ್ನೆರಡು ವರ್ಷದಿಂದ ರಕ್ತಸ್ರಾವವಾಗುತ್ತಿದ್ದ ಹೆಂಗಸಿಗೆ ‘ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು’ ಅಂದಿದ್ದಾನಲ್ಲ ಎಂದು ಕೇಳುವವರಿದ್ದಾರೆ. ನಿಜ, ಅಂದಿದ್ದಾನೆ. ಗುಂಪಿನಲ್ಲಿ ನಡುಗುತ್ತಾ ನಿಂತಿದ್ದವಳಿಗೆ ಧೈರ್ಯ ತುಂಬಲು ಹೇಳಿದ ಮಾತದು. ಗುಣವಾಗದವಳೊಬ್ಬಳ ಮುಖಕ್ಕೆ ಅದನ್ನೇ ತಿರುಗಿಸಿ, ‘ನಿನ್ನ ಅಪನಂಬಿಕೆಯೇ ನಿನ್ನನ್ನು ಹಾಳುಮಾಡಿತು’ ಎಂದು ಯೇಸು ಸಹಾಯ ಬೇಡಿ ಬಂದ ಯಾವ ರೋಗಿಗೂ ಹೇಳಿದ್ದು ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಬೇತ್ಸಥಾ ಕೊಳದ ಬಳಿ ಮೂವತ್ತೆಂಟು ವರ್ಷದಿಂದ ಬಿದ್ದಿದ್ದವನಿಗಂತೂ ತನ್ನನ್ನು ಗುಣಪಡಿಸಿದವನು ಯಾರೆಂದೇ ಗೊತ್ತಿರಲಿಲ್ಲ. ಹುಟ್ಟುಕುರುಡನನ್ನು ಕಂಡು ‘ಇವನು ಪಾಪ ಮಾಡಿದ್ದೋ, ಇವನ ತಂದೆತಾಯಿಯೋ?’ ಎಂದು ಕೇಳಿದ್ದು ಶಿಷ್ಯರು. ಯೇಸು ಎರಡನ್ನೂ ತಳ್ಳಿಹಾಕಿದ.

ಹಾಗಾದರೆ ‘ಕ್ಷಮೆಯಂತೆಯೇ ಸ್ವಸ್ಥತೆಯೂ ಈಗಲೇ, ಎಲ್ಲರಿಗೂ’ ಎಂಬ ಖಡಾಖಂಡಿತ ಬೋಧನೆ ಎಲ್ಲಿಂದ ಬಂತು? ಈಗ ನಾವು ಕೇಳುವ ರೂಪದಲ್ಲಿ ಇದು ಬಹಳ ಹಳೆಯದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ, ಅಮೆರಿಕದ ಈಶಾನ್ಯದ ಊರುಗಳಲ್ಲಿ ಗಟ್ಟಿಯಾಯಿತು. ಆ ಕಥೆಯಲ್ಲಿ ನನ್ನನ್ನು ಬಿಡದೆ ಕಾಡುವ ವ್ಯಕ್ತಿ ರಸೆಲ್ ಕೆಲ್ಸೊ ಕಾರ್ಟರ್.

ಕಾರ್ಟರ್ ಪೆನ್ಸಿಲ್ವೇನಿಯದ ಒಂದು ಸೈನಿಕ ಅಕಾಡೆಮಿಯಲ್ಲಿ ಓದಿ ಅಲ್ಲೇ ಮೇಷ್ಟ್ರಾದವರು. ವಿಜ್ಞಾನ, ಗಣಿತ ಕಲಿಸುತ್ತಿದ್ದರು. ಹೃದಯದ ತೊಂದರೆ ಹೆಚ್ಚಾಗಿ ದಾರಿಗಾಣದೆ 1879ರಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಕಲಿಸ್ ಎಂಬುವರ ಹತ್ತಿರ ಹೋದರು. ಕಲಿಸ್ ಸ್ವತಃ ಹೋಮಿಯೋಪತಿ ವೈದ್ಯರು. ಬೇರೆ ಯಾರೂ ಸೇರಿಸಿಕೊಳ್ಳದ ಕ್ಷಯರೋಗಿಗಳಿಗಾಗಿ ಮನೆ ನಡೆಸುತ್ತಿದ್ದವರು, ಔಷಧಿಯನ್ನೂ ಕೊಟ್ಟು ಪ್ರಾರ್ಥನೆಯನ್ನೂ ಮಾಡುತ್ತಿದ್ದವರು. ಅವರು ಪ್ರಾರ್ಥಿಸಿದರು, ಕಾರ್ಟರ್ ಗುಣವಾದರು, ಕೆಲಸಕ್ಕೆ ಮರಳಿದರು. ಇದನ್ನು ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ. ಆ ಅನುಭವದ ಬಲದ ಮೇಲೆ ಅವರು 1884ರಲ್ಲಿ ಪಾಪಕ್ಕೂ ರೋಗಕ್ಕೂ ಒಂದೇ ಪ್ರಾಯಶ್ಚಿತ್ತ ಎಂದು ಸಾಧಿಸುವ ಪುಸ್ತಕ ಬರೆದರು. ಪಾಪಕ್ಕೆ ಕ್ಷಮೆ ಹೇಗೋ ಶರೀರಕ್ಕೆ ಸ್ವಸ್ಥತೆ ಹಾಗೆ, ನಂಬುವವನ ಹಕ್ಕು ಅದು ಎಂಬ ವಾದವನ್ನು ಅವರಷ್ಟು ಸ್ಪಷ್ಟವಾಗಿ ಆ ಕಾಲದಲ್ಲಿ ಕಟ್ಟಿದವರು ಕಡಿಮೆ. ಎರಡು ವರ್ಷದ ನಂತರ ದೇವರ ವಾಗ್ದಾನಗಳ ಮೇಲೆ ನಿಂತಿದ್ದೇನೆ ಎಂಬ ಅರ್ಥದ ಹಾಡನ್ನೂ ಬರೆದರು. ಲೋಕದ ಎಷ್ಟೋ ಸಭೆಗಳಲ್ಲಿ ಅದನ್ನು ಈಗಲೂ ಹಾಡುತ್ತಾರೆ.

ಆಮೇಲೆ ಅವರೇ ಮತ್ತೆ ಕಾಯಿಲೆ ಬಿದ್ದರು. ಪ್ರಾರ್ಥನೆಯಾಯಿತು, ಎಣ್ಣೆ ಹಚ್ಚಿದ್ದಾಯಿತು, ಹೆಸರಾಂತ ಪ್ರಾರ್ಥನಾವೀರರೆಲ್ಲ ಕೈಯಿಟ್ಟರು. ಗುಣವಾಗಲಿಲ್ಲ. ಕೊನೆಗೆ ವೈದ್ಯರ ಔಷಧಿ ತೆಗೆದುಕೊಂಡರು, ಚೇತರಿಸಿಕೊಂಡರು. 1897ರಲ್ಲಿ ಇನ್ನೊಂದು ಪುಸ್ತಕ ಬಂತು, ವಿಶ್ವಾಸದಿಂದ ಗುಣವಾಗುವುದನ್ನು ಇಪ್ಪತ್ತು ವರ್ಷದ ನಂತರ ಮರುಪರಿಶೀಲಿಸುವ ಪುಸ್ತಕ. ದೇವರು ಗುಣಪಡಿಸುತ್ತಾನೆ ಎಂಬ ನಂಬಿಕೆಯನ್ನು ಅವರು ಬಿಡಲಿಲ್ಲ, ತಾನು ಗುಣವಾದದ್ದನ್ನೂ ಅಲ್ಲಗಳೆಯಲಿಲ್ಲ. ಬಿಟ್ಟದ್ದು ಒಂದನ್ನೇ: ಅದು ಇಂದೇ ಎಲ್ಲರೂ ಕೇಳಿ ಪಡೆಯಬಹುದಾದ ಹಕ್ಕು ಎಂಬುದನ್ನು. ಅದು ದೇವರು ತನ್ನ ಚಿತ್ತದಂತೆ ಕೊಡುವ ವಿಶೇಷ ಅನುಗ್ರಹ ಅಂದರು. ಮುಂದೆ ವೈದ್ಯಶಾಸ್ತ್ರ ಓದಿ ತಾವೇ ವೈದ್ಯರಾದರು.

ಕಾರ್ಟರ್ ಸೋತರು ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಾನೇ ಕಟ್ಟಿದ ವಾದದಿಂದ ಬೇರೆಯವರ ಮನೆಯಲ್ಲಿ ಏನಾಗುತ್ತಿದೆ ಎಂದು ತಿರುಗಿ ನೋಡುವ ಧೈರ್ಯ ಎಷ್ಟು ಬೋಧಕರಿಗಿದೆ? ನೋಡುವುದಕ್ಕೆ ಕಾರಣಗಳೂ ಇದ್ದವು. 1890ರಲ್ಲಿ ಕಾನ್ಸಾಸ್ ಕಡೆಯಿಂದ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ಗೆ ಹೋದ ಯುವ ಮಿಷನರಿಗಳಲ್ಲಿ ಕೆಲವರು, ಔಷಧಿ ಮುಟ್ಟುವುದು ಅಪನಂಬಿಕೆ ಎಂದುಕೊಂಡು ಜ್ವರಕ್ಕೆ ಜೀವ ತೆತ್ತರು. ಮಲೇರಿಯಾ ಜ್ವರದ ಔಷಧಿ ಕ್ವಿನೀನ್ ಆಗಲೇ ಬಳಕೆಯಲ್ಲಿತ್ತು. ಅವರ ಭಕ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಭಕ್ತಿಗೆ ಕೊಟ್ಟ ಬೋಧನೆ ಅದಕ್ಕೆ ತಕ್ಕದ್ದಾಗಿರಲಿಲ್ಲ.

ಇದೇ ಬೋಧನೆ ನಮ್ಮ ಮನೆಗೂ ಬಂತು. ನನ್ನ ದೊಡ್ಡಮ್ಮನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಫ್ರಿಡ್ಜಿನ ಬಾಗಿಲಲ್ಲಿ ಮೊಟ್ಟೆಯ ಪಕ್ಕದ ಗೂಡು ಇನ್ಸುಲಿನ್ನಿಗೆ ಮೀಸಲು. ಬೆಳಗ್ಗೆ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದು, ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ ಗುಳ್ಳೆ ತೆಗೆದು ಚುಚ್ಚಿಕೊಳ್ಳುತ್ತಿದ್ದರು. ಆಮೇಲೆಯೇ ಬೈಬಲ್ ಓದು, ತಿಂಡಿ. ಊರಿನ ಮೈದಾನದಲ್ಲಿ ನಡೆದ ಒಂದು ರೋಗಸೌಖ್ಯ ಕೂಟಕ್ಕೆ ಹೋದರು. ಅಲ್ಲಿ ಪ್ರಾರ್ಥಿಸಿದ ಬೋಧಕರು, ‘ಅಮ್ಮಾ, ಎರಡು ಸಾವಿರ ವರ್ಷದ ಹಿಂದೆಯೇ ನಿಮಗೆ ಗುಣವಾಗಿದೆ. ಇನ್ನೂ ಸೂಜಿ ಚುಚ್ಚಿಕೊಂಡರೆ ಆ ಬಾಸುಂಡೆಗಳು ಸಾಲಲಿಲ್ಲ ಅಂತ ಹೇಳಿದ ಹಾಗೆ’ ಎಂದರು. ದೊಡ್ಡಮ್ಮ ಮನೆಗೆ ಬಂದು ಬಾಟಲಿಗಳನ್ನು ಹಿತ್ತಲ ತಿಪ್ಪೆಗೆ ಹಾಕಿದರು. ಕಾಲಿನಲ್ಲಿ ಚಪ್ಪಲಿ ಕಚ್ಚಿದ ಸಣ್ಣ ಗಾಯವಿತ್ತು. ಅದು ಕಪ್ಪಾಗುವವರೆಗೂ ಯಾರಿಗೂ ಹೇಳಲಿಲ್ಲ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎರಡು ಬೆರಳು ತೆಗೆಯದೆ ಬೇರೆ ದಾರಿಯಿರಲಿಲ್ಲ.

ವಾರ್ಡಿಗೆ ಆ ಕೂಟದವರೇ ಇಬ್ಬರು ಬಂದು, ಎಲ್ಲೋ ಒಂದು ಮೂಲೆಯಲ್ಲಿ ಸಂಶಯ ಉಳಿದಿರಬೇಕು, ಪರೀಕ್ಷಿಸಿಕೊಳ್ಳಿ ಎಂದು ಹೇಳಿ ಹೋದರು. ಅವತ್ತು ರಾತ್ರಿ ದೊಡ್ಡಮ್ಮ ನನ್ನನ್ನು ಕೇಳಿದ್ದು ಕಾಲಿನ ಬಗ್ಗೆ ಅಲ್ಲ. ‘ಎರಡೂ ಒಂದೇ ನಂಬಿಕೆಯಿಂದ ಸಿಗೋದು ಅಂದ್ರಲ್ಲ ಮಗಾ. ಕಾಲು ವಾಸಿಯಾಗಲಿಲ್ಲ. ಹಂಗಾದ್ರೆ ನನ್ನ ಪಾಪ ಕ್ಷಮೆಯಾಗಿದೆಯೋ ಇಲ್ಲವೋ?’

ಈ ಪ್ರಶ್ನೆಗಾಗಿಯೇ ನಾನು ಇದನ್ನು ಬರೆಯುತ್ತಿರುವುದು. ಬೋಧಕರ ತರ್ಕವನ್ನು ದೊಡ್ಡಮ್ಮ ಸರಿಯಾಗಿಯೇ ಮುಂದುವರಿಸಿದ್ದರು, ಅದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಸ್ವಸ್ಥತೆಯನ್ನೂ ಕ್ಷಮೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಮೇಲೆ, ಸ್ವಸ್ಥತೆ ಕಾಣದವಳಿಗೆ ಕ್ಷಮೆಯೂ ಜಾರಿಹೋಗುತ್ತದೆ. ಕ್ಷಮೆ ಕಣ್ಣಿಗೆ ಕಾಣುವುದಿಲ್ಲ, ಕಾಲು ಕಾಣುತ್ತದೆ. ಕಾಣುವುದನ್ನು ಕಾಣದ್ದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದರೆ, ಸಕ್ಕರೆ ರಿಪೋರ್ಟ್ ಬಂದಾಗಲೆಲ್ಲ ರಕ್ಷಣೆಯೇ ಅಲುಗಾಡುತ್ತದೆ. ಶಿಲುಬೆಯ ಮಹಿಮೆಯನ್ನು ಹಿಗ್ಗಿಸುತ್ತೇವೆ ಅಂದುಕೊಂಡವರು, ಶಿಲುಬೆ ಇಳಿಸಿದ್ದ ಭಾರವನ್ನೇ ಮತ್ತೆ ಒಬ್ಬ ಮುದುಕಿಯ ತಲೆಯ ಮೇಲೆ ಹೊರಿಸಿದರು. ಬೈಬಲ್ಲಿನ ಯೋಬನ ಪುಸ್ತಕದಲ್ಲಿ, ತಪ್ಪಿಲ್ಲದೆ ನರಳುತ್ತಿದ್ದ ಯೋಬನಿಗೆ ನಿನ್ನ ಪಾಪವೇ ಕಾರಣ ಎಂದ ಗೆಳೆಯರು ಮಾಡಿದ್ದೂ ಇದೇ ಕೆಲಸ. ಆ ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಅವರ ಮೇಲೆ, ಯೋಬನ ಮೇಲಲ್ಲ.

ಅವತ್ತು ನಾನು ಸುವಾರ್ತೆಯನ್ನು ಊರೂರಿಗೆ ಒಯ್ದ ಅಪೊಸ್ತಲ ಪೌಲನ ಪತ್ರಗಳಿಂದ ಕೆಲವು ಸಾಲು ಓದಿದೆ. ಪೌಲನ ಕೈಯಿಂದ ಎಷ್ಟೋ ಜನ ಗುಣವಾಗಿದ್ದಾರೆ, ಅದನ್ನು ಯಾರೂ ಮರೆಯಬಾರದು. ಅದೇ ಪೌಲ ‘ತ್ರೊಫಿಮನನ್ನು ಮಿಲೇತದಲ್ಲಿ ರೋಗಿಯಾಗಿ ಬಿಟ್ಟುಬಂದೆನು’ ಎಂದು ಒಂದೇ ಸಾಲಿನಲ್ಲಿ ಬರೆಯುತ್ತಾನೆ. ತನ್ನ ಜೊತೆಗಾರನಾಗಿದ್ದ ಆ ತ್ರೊಫಿಮನ ನಂಬಿಕೆಯ ಬಗ್ಗೆ ಒಂದು ದೂರಿಲ್ಲ. ಇನ್ನೊಬ್ಬ ಜೊತೆಗಾರ ತಿಮೊಥೆಯನ ಹೊಟ್ಟೆ ಪದೇಪದೇ ಕೆಡುತ್ತಿತ್ತು. ಬರೀ ನೀರು ಕುಡಿಯುವುದನ್ನು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು, ಅಪ್ಪ ಮಗನಿಗೆ ಹೇಳುವ ಹಾಗೆ ಮನೆಮದ್ದು ಹೇಳುತ್ತಾನೆ. ಮತ್ತೊಬ್ಬ ಜೊತೆಗಾರ ಎಪಫ್ರೊದೀತ ಸಾಯುವ ಹಾಗಿದ್ದ. ಅವನು ಬದುಕಿಕೊಂಡದ್ದನ್ನು ಪೌಲ ಹಕ್ಕು ಅನ್ನುವುದಿಲ್ಲ, ದೇವರು ಕರುಣಿಸಿದ, ತನಗೆ ದುಃಖದ ಮೇಲೆ ದುಃಖ ಬಾರದ ಹಾಗೆ ಮಾಡಿದ ಅನ್ನುತ್ತಾನೆ. ಇನ್ನು ತನ್ನ ಶರೀರದಲ್ಲಿ ನಾಟಿದ ಶೂಲ. ಅದು ಯಾವ ಬೇನೆ ಎಂದು ಪಂಡಿತರು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ತೆಗೆದುಬಿಡು ಎಂದು ಮೂರು ಸಾರಿ ಬೇಡಿಕೊಂಡ. ಬಂದ ಉತ್ತರ ‘ನನ್ನ ಕೃಪೆಯೇ ನಿನಗೆ ಸಾಕು.’

ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಈ ಗಂಟು ಬಿಚ್ಚಿಕೊಳ್ಳುತ್ತದೆ. ಆತ್ಮನ ಪ್ರಥಮಫಲ ಹೊಂದಿದ ನಾವೂ ದೇಹದ ವಿಮೋಚನೆಯನ್ನು ಎದುರುನೋಡುತ್ತಾ ನಮ್ಮೊಳಗೆ ನರಳುತ್ತೇವೆ ಎಂದು ಪೌಲ ಬರೆಯುತ್ತಾನೆ. ಅದೇ ಅಧ್ಯಾಯದ ಮೊದಲ ವಾಕ್ಯದಲ್ಲಿ ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧ ನಿರ್ಣಯ ಈಗ ಇಲ್ಲವೇ ಇಲ್ಲ ಎಂದು ಹೇಳಿಯಾಗಿದೆ. ಕ್ಷಮೆ ‘ಈಗ’. ದೇಹ ‘ಎದುರುನೋಡುತ್ತಾ’. ಎರಡನ್ನೂ ಕೊಂಡದ್ದು ಒಂದೇ ಶಿಲುಬೆ. ಜಮೀನು ವ್ಯವಹಾರ ಗೊತ್ತಿದ್ದ ದೊಡ್ಡಮ್ಮನಿಗೆ ನಾನು ಹೇಳಿದ್ದು ಇಷ್ಟೇ: ಕ್ರಯ ಪೂರ್ತಿ ಸಂದಾಯವಾಗಿದೆ, ಪತ್ರವೂ ಆಗಿದೆ, ಸ್ವಾಧೀನಕ್ಕೆ ಬರುವ ದಿನ ಪುನರುತ್ಥಾನದ ದಿನ. ಅಲ್ಲಿಯವರೆಗೆ ಸಂಚಕಾರ ನಮ್ಮ ಕೈಯಲ್ಲಿದೆ. ಒಬ್ಬರಿಗೆ ಜ್ವರ ಬಿಡುತ್ತದೆ, ಇನ್ನೊಬ್ಬರಿಗೆ ಗಡ್ಡೆ ಕರಗುತ್ತದೆ, ವೈದ್ಯರಿಗೂ ಕಾರಣ ತಿಳಿಯುವುದಿಲ್ಲ. ಅವೆಲ್ಲ ಆ ಸಂಚಕಾರದ ಭಾಗ, ನಿಜವಾದ ಹಣ. ಆದರೆ ಯಾರಿಗೆ ಎಷ್ಟು, ಯಾವಾಗ ಎಂಬುದು ಕೊಡುವವನ ಕೈಯಲ್ಲಿದೆ. ಲಾಜರನನ್ನು ಸಮಾಧಿಯಿಂದ ಎಬ್ಬಿಸಿದ. ಅದೇ ಲಾಜರ ಮುಂದೊಂದು ದಿನ ಮತ್ತೆ ಸತ್ತಿರಲೇಬೇಕಲ್ಲ.

ಇದನ್ನು ಬದುಕಿ ತೋರಿಸಿದವರಲ್ಲಿ ನಮ್ಮ ನೆಲಕ್ಕೆ ನಂಟಿರುವ ಇಬ್ಬರನ್ನು ಹೇಳದೆ ಮುಂದೆ ಹೋಗಲಾರೆ. ಒಬ್ಬರು ಜರ್ಮನಿಯ ಯೋಹಾನ್ ಕ್ರಿಸ್ತೋಫ್ ಬ್ಲೂಮ್‌ಹಾರ್ಟ್. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಹೊತ್ತಿನಲ್ಲಿ ಆ ಮಿಷನ್ನಿನ ತರಬೇತಿ ಮನೆಯಲ್ಲಿ ಪಾಠ ಹೇಳುತ್ತಿದ್ದವರು. ಮುಂದೆ ಮೋಟ್ಲಿಂಗನ್ ಎಂಬ ಹಳ್ಳಿಯ ಸಭಾಪಾಲಕರಾದಾಗ, 1844ರಲ್ಲಿ, ಜನ ಒಬ್ಬೊಬ್ಬರಾಗಿ ಬಂದು ಪಾಪ ಅರಿಕೆ ಮಾಡಿಕೊಳ್ಳತೊಡಗಿದರು. ಅವರು ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಮಾತು ಹೇಳಿ ಕಳಿಸಿದರೆ, ಕೆಲವರಿಗೆ ಹಳೆಯ ಕಾಯಿಲೆಗಳೂ ಬಿಟ್ಟುಹೋದವು. ಕ್ಷಮೆಯನ್ನು ಹುಡುಕಿ ಬಂದವರಿಗೆ ಸ್ವಸ್ಥತೆ ಜೊತೆಗೆ ಬಂತು. ಮೇಲಿನ ಅಧಿಕಾರಿಗಳು ರೋಗಿಗಳನ್ನು ವೈದ್ಯರ ಬಳಿಗೆ ಕಳಿಸಿ ಎಂದು ಕಟ್ಟುಪಾಡು ಹಾಕಿದಾಗ ಅವರು ಜಗಳಕ್ಕೆ ನಿಲ್ಲಲಿಲ್ಲ. 1852ರಲ್ಲಿ ಬಾಡ್ ಬೋಲ್ ಎಂಬಲ್ಲಿಗೆ ಹೋಗಿ, ಬಂದವರನ್ನೆಲ್ಲ ಮನೆಯಲ್ಲಿಟ್ಟುಕೊಂಡು ನೋಡಿಕೊಂಡರು.

ಇನ್ನೊಬ್ಬರು ಪಂಡಿತಾ ರಮಾಬಾಯಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಕಾಡಿನ ನಡುವೆ. ವೈದ್ಯಕೀಯ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಆ ಓದು ಕೈಗೂಡಲಿಲ್ಲ. ಅಲ್ಲಿಯೇ ದೀಕ್ಷಾಸ್ನಾನವಾಯಿತು. ಮುಂದೆ ಪುಣೆಯ ಹತ್ತಿರ ಕೆಡಗಾಂವ್‌ನಲ್ಲಿ ವಿಧವೆಯರಿಗೂ ಅನಾಥ ಹೆಣ್ಣುಮಕ್ಕಳಿಗೂ ಮುಕ್ತಿ ಮಿಷನ್ ಕಟ್ಟಿದರು. 1905ರಲ್ಲಿ ಅಲ್ಲಿ ಎದ್ದ ಉಜ್ಜೀವನ, ಅಂದರೆ ಭಕ್ತಿಯ ಹೊಸ ಅಲೆ, ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂಟೆಕೊಸ್ತ್ ಸಭೆಗಳ ಲೋಕದ ಇತಿಹಾಸದಲ್ಲೇ ದಾಖಲಾಗಿದೆ. ನೂರಾರು ಹೆಣ್ಣುಮಕ್ಕಳು ದೊಡ್ಡ ದನಿಯಲ್ಲಿ ಒಟ್ಟಿಗೆ ಪ್ರಾರ್ಥಿಸುತ್ತಿದ್ದ ಆ ಪ್ರಾರ್ಥನಾಲಯದಲ್ಲಿ ರಮಾಬಾಯಿ ಕಿವಿ ಮಂದವಾಗಿಯೇ ಕೂತಿದ್ದರು. 1922ರಲ್ಲಿ ತೀರಿಕೊಳ್ಳುವವರೆಗೂ ಮರಾಠಿ ಬೈಬಲ್ ಅನುವಾದದಲ್ಲಿ ತೊಡಗಿದ್ದರು. ಅವರ ನಂಬಿಕೆಗೆ ಏನು ಕಡಿಮೆಯಿತ್ತು ಎಂದು ಯಾರಾದರೂ ಹೇಳಲಿ ನೋಡೋಣ.

ಔಷಧಿಯನ್ನು ನಂಬಿಕೆಯ ಎದುರಾಳಿ ಮಾಡುವವರಿಗೆ ನಾನು ತೋರಿಸುವುದು ಕೈಸರಿಯದ ಬಸಿಲನನ್ನು. ನಾಲ್ಕನೇ ಶತಮಾನದ ಬಿಷಪ್, ಜೀವನಪೂರ್ತಿ ಕಾಯಿಲೆಯವನು, ಐವತ್ತು ತುಂಬುವ ಮೊದಲೇ ಸತ್ತವನು. ಊರ ಹೊರಗೆ ರೋಗಿಗಳಿಗೂ ಬಡವರಿಗೂ ದೊಡ್ಡ ಆಶ್ರಯ ಕಟ್ಟಿಸಿದ. ಕ್ರೈಸ್ತರು ವೈದ್ಯರ ಬಳಿ ಹೋಗಬಹುದೇ ಎಂಬ ಪ್ರಶ್ನೆಗೆ ಅವನು ಮಠದವರಿಗಾಗಿ ಬರೆದ ನಿಯಮಗಳಲ್ಲಿ ಉತ್ತರವಿದೆ. ಹೊಲ ಉಳುವ ವಿದ್ಯೆ, ಬಟ್ಟೆ ನೇಯುವ ವಿದ್ಯೆ ಹೇಗೆ ನಮ್ಮ ಕೊರತೆ ನೀಗಲು ದೇವರು ಕೊಟ್ಟದ್ದೋ ವೈದ್ಯವೂ ಹಾಗೆಯೇ ಅನ್ನುತ್ತಾನೆ. ಅದನ್ನೇ ದೇವರೆಂದು ಹಿಡಿಯಬಾರದು, ಬೇಡವೆಂದು ಬಿಸಾಡಲೂ ಬಾರದು. ನಮ್ಮ ಕಡೆಯ ಮಿಷನ್ ಆಸ್ಪತ್ರೆಗಳ ಬೇರು ಇರುವುದು ಇಲ್ಲೇ. ಗದಗ ಬೆಟಗೇರಿಯ ಜರ್ಮನ್ ಆಸ್ಪತ್ರೆ, 1906ರಲ್ಲಿ ಶುರುವಾದ ಮೈಸೂರು ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, 1923ರಲ್ಲಿ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ತೆರೆದದ್ದು, ಇವೆಲ್ಲ ಯೇಸು ರೋಗಿಗಳನ್ನು ಮುಟ್ಟಿದ ಕೆಲಸದ ಮುಂದುವರಿಕೆ ಅಂತಲೇ ನಾನು ನಂಬಿದ್ದೇನೆ.

ಹಾಗೆಂದು ಪ್ರಾರ್ಥನೆ ಬೇಡ ಅನ್ನುವವನಲ್ಲ ನಾನು. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆನ್ನುವ ಯಾಕೋಬನ ಪತ್ರದ 5ನೇ ಅಧ್ಯಾಯವನ್ನು ನಮ್ಮಂಥ ಸಭೆಗಳು ಹೆಚ್ಚುಕಮ್ಮಿ ಮಡಚಿ ಇಟ್ಟುಬಿಟ್ಟಿದ್ದವು. ನಮ್ಮವರು ರೋಗಸೌಖ್ಯ ಕೂಟಗಳಿಗೆ ಓಡಿದ್ದಕ್ಕೆ ಅದೂ ಒಂದು ಕಾರಣ. ಕಥೋಲಿಕ ಸಭೆಯಲ್ಲೂ ರೋಗಿಗಳ ಅಭ್ಯಂಗ, ಅಂದರೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ, ಬಹುಕಾಲ ಸಾಯುವವರಿಗಷ್ಟೇ ಎಂಬಂತಾಗಿತ್ತು. ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ ಅದನ್ನು ಮತ್ತೆ ರೋಗಿಗಳೆಲ್ಲರ ಕಡೆಗೆ ತಿರುಗಿಸಿದರು. ಯಾಕೋಬ ಹೇಳುವ ಕ್ರಮ ನೋಡಿ. ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ. ಅವನು ಮಾಡಬೇಕಾದದ್ದು ಅಷ್ಟೇ. ಎಣ್ಣೆ ಹಚ್ಚುವುದು ಹಿರಿಯರು, ನಂಬಿ ಪ್ರಾರ್ಥಿಸುವುದು ಹಿರಿಯರು. ಪಾಪ ಮಾಡಿದವನಾಗಿದ್ದರೆ ಕ್ಷಮೆಯೂ ಆಗುವುದು ಎಂಬ ಮಾತೂ ಅಲ್ಲೇ ಇದೆ. ಕಪೆರ್ನೌಮಿನ ನಾಲ್ವರ ಹಾಗೆ ಇಲ್ಲಿಯೂ ಹೊರುವವರು ಬೇರೆಯವರು. ನಂಬಿಕೆ ಸಾಲಲಿಲ್ಲ ಎಂದು ಯಾರನ್ನಾದರೂ ಕೇಳಲೇಬೇಕಿದ್ದರೆ ಮೊದಲು ಕೇಳಬೇಕಾದದ್ದು ಪ್ರಾರ್ಥಿಸಿದ ಹಿರಿಯರನ್ನು.

ನಮ್ಮ ಸಭೆಯಲ್ಲಿ ಈಗ ಕರ್ತನ ಭೋಜನದ ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರಿಬ್ಬರು ಎಣ್ಣೆಯ ಪುಟ್ಟ ಸೀಸೆ ಹಿಡಿದು ಕಾಯಿಲೆಯವರ ಮನೆಗೆ ಹೋಗುತ್ತಾರೆ. ಸಂಪೂರ್ಣ ಗುಣವಾಗಲಿ ಎಂದೇ ಬೇಡುತ್ತಾರೆ, ಅಳುಕಿಲ್ಲದೆ. ಡಯಾಲಿಸಿಸ್‌ಗೆ ಹೋಗುವ ಒಬ್ಬರನ್ನು ಸ್ಕೂಟರಿನಲ್ಲಿ ಕರೆದೊಯ್ಯುವ ಸರದಿಯನ್ನು ಯುವಕರು ಹಂಚಿಕೊಂಡಿದ್ದಾರೆ. ದೊಡ್ಡಮ್ಮ ಸಕ್ಕರೆ ಕಾಯಿಲೆಯವರಿಗೆಂದೇ ಮಾಡುವ ಮೆತ್ತನೆಯ ಎಂಸಿಆರ್ ಚಪ್ಪಲಿ ಹಾಕಿಕೊಂಡು ಸ್ತ್ರೀಯರ ಕೂಟದವರ ಜೊತೆ ವಾರ್ಡುಗಳಿಗೆ ಹೋಗುತ್ತಾರೆ. ಪ್ರಾರ್ಥನೆ ಶುರುಮಾಡುವ ಮೊದಲು ಅವರು ಕೇಳುವ ಪ್ರಶ್ನೆ ‘ಮಾತ್ರೆ ತಗೊಂಡ್ಯಾ ತಾಯಿ?’

ಇನ್ನೊಂದು ಬದಲಾವಣೆ ಬಾಕಿಯಿದೆ. ನಮ್ಮ ಸಾಕ್ಷಿ ಹೇಳುವ ಸಮಯದಲ್ಲಿ ಗುಣವಾದವರಷ್ಟೇ ಮೈಕಿನ ಮುಂದೆ ಬರುತ್ತಾರೆ. ಗುಣವಾಗದೆಯೂ ಕರ್ತನನ್ನು ಹಿಡಿದುಕೊಂಡಿರುವವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಅವರನ್ನೂ ಕರೆಯಬೇಕು ಎಂದು ಸಭಾ ಸಮಿತಿಯಲ್ಲಿ ಕೇಳಿದ್ದೇನೆ. ಹೊಸ ವಿಶ್ವಾಸಿಗಳ ನಂಬಿಕೆ ಕುಂದುತ್ತದೆ ಎಂದು ಕೆಲವರು ಹಿಂಜರಿದರು, ತೀರ್ಮಾನ ಇನ್ನೂ ಆಗಿಲ್ಲ. ಪೌಲ ತನ್ನ ಶೂಲದ ಬಗ್ಗೆ ಬರೆದದ್ದು ಆಪ್ತನೊಬ್ಬನಿಗೆ ಗುಟ್ಟಾಗಿ ಕಳಿಸಿದ ಚೀಟಿಯಲ್ಲಲ್ಲ. ಕೊರಿಂಥದ ಇಡೀ ಸಭೆಗೆ ಬರೆದ ಪತ್ರ ಅದು, ಎಲ್ಲರ ಮುಂದೆ ಓದಲೆಂದೇ ಬರೆದದ್ದು. ಆ ಸಭೆಯಲ್ಲಿದ್ದವರೆಲ್ಲ ಹೊಸ ವಿಶ್ವಾಸಿಗಳೇ.